ಹಣ್ಣಿನ ಗಿಡವನ್ನು ಕೀಳಬೇಕಾದಾಗ: ಮಾರಿಷಸ್ ದ್ವೀಪದ ಒಂದು ಪಾಠ

ಗಿಡ ನೆಡುವುದು ಸದಕಾ ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಅದರ ಹಣ್ಣನ್ನು ಮನುಷ್ಯ ತಿಂದರೂ ಹಕ್ಕಿ ತಿಂದರೂ ನೆಟ್ಟವನಿಗೆ ಪುಣ್ಯವಿದೆ ಎಂಬುದನ್ನು ಮದ್ರಸದ ಸಣ್ಣ ತರಗತಿಯ ಹುಡುಗನೂ ಬಲ್ಲ. ಹೀಗಿರುವಾಗ, ಹಣ್ಣು ತುಂಬಿದ ಗಿಡಗಳನ್ನು ಬೇರುಸಹಿತ ಕಿತ್ತು ಬಿಸಿಲಿಗೆ ಒಣಹಾಕುವುದೇ ಕಾಡನ್ನು ಉಳಿಸುವ ದಾರಿ ಎಂದು ಯಾರಾದರೂ ಹೇಳಿದರೆ ನೀವು ಏನೆನ್ನುವಿರಿ? ಮೊದಲ ನೋಟಕ್ಕೆ ಅದು ಅನ್ಯಾಯವಾಗಿಯೇ ತೋರುತ್ತದೆ. ಆದರೆ ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪದಲ್ಲಿ ಹಲವು ದಶಕಗಳಿಂದ ಸಂಬಳ ಕೊಟ್ಟು ಇದೇ ಕೆಲಸವನ್ನು ಮಾಡಿಸಲಾಗುತ್ತಿದೆ. ಏಕೆ ಎಂದು ತಿಳಿದುಕೊಳ್ಳುವುದು ನಮಗೂ ಅಗತ್ಯ. ಏಕೆಂದರೆ ಆ ದ್ವೀಪದ ಕಾಡಿಗೆ ಉರುಳಾದ ಸಸ್ಯಗಳಲ್ಲಿ ಕೆಲವು ನಮ್ಮ ನಾಡಿನಿಂದಲೇ ಹೋದವು.

ದ್ವೀಪ ಏಕೆ ಬೇಗ ಸೋಲುತ್ತದೆ?

ಮಾರಿಷಸ್ ಮಡಗಾಸ್ಕರ್‌ನ ಪೂರ್ವಕ್ಕೆ ಸುಮಾರು 800 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ, ಸಮುದ್ರದ ತಳದಿಂದ ಎದ್ದ ಜ್ವಾಲಾಮುಖಿಯಿಂದ ಹುಟ್ಟಿದ ನೆಲ. ಅದರ ವಯಸ್ಸು ಸುಮಾರು 80 ಲಕ್ಷ ವರ್ಷ. ಅದು ಎಂದೂ ಯಾವುದೇ ಖಂಡಕ್ಕೆ ಅಂಟಿಕೊಂಡಿರಲಿಲ್ಲ. ಅಲ್ಲಿಗೆ ಬಂದ ಪ್ರತಿಯೊಂದು ಸಸ್ಯವೂ ಗಾಳಿಯಲ್ಲಿ ತೇಲಿಯೋ, ಅಲೆಯಲ್ಲಿ ತೇಲಿಯೋ, ಹಕ್ಕಿಯ ಹೊಟ್ಟೆಯಲ್ಲೋ ಬಂದದ್ದು. ಹೀಗೆ ಅಪರೂಪಕ್ಕೊಮ್ಮೆ ಬಂದ ಬೀಜಗಳು ಲಕ್ಷಾಂತರ ವರ್ಷಗಳಲ್ಲಿ ಬೇರೆಲ್ಲೂ ಇಲ್ಲದ ರೂಪ ತಾಳಿದವು. ಅಲ್ಲಿನ ಸುಮಾರು 690 ಬಗೆಯ ಮೂಲ ಹೂಗಿಡಗಳಲ್ಲಿ 270ರಷ್ಟು ಬಗೆಗಳು ಜಗತ್ತಿನ ಬೇರೆ ಯಾವ ಮಣ್ಣಿನಲ್ಲೂ ಸಿಗುವುದಿಲ್ಲ. ಸೃಷ್ಟಿಕರ್ತನು ಆ ಒಂದು ಪುಟ್ಟ ನೆಲಕ್ಕೆ ಮಾತ್ರ ಕೊಟ್ಟ ಅಮಾನತು ಅದು. ಅಲ್ಲಿ ಅಳಿದರೆ ಲೋಕದಿಂದಲೇ ಅಳಿದಂತೆ.

ಬಾವಲಿಗಳನ್ನು ಬಿಟ್ಟರೆ ಆ ನೆಲದ ಮೇಲೆ ಮೂಲತಃ ಸಸ್ತನಿಗಳೇ ಇರಲಿಲ್ಲ. ಮೇಕೆಯಿಲ್ಲ, ಹಂದಿಯಿಲ್ಲ, ಇಲಿಯಿಲ್ಲ. ಮೇಯುವ ಕೆಲಸವನ್ನು ದೊಡ್ಡ ಆಮೆಗಳು ಮಾಡುತ್ತಿದ್ದವು. ಆದ್ದರಿಂದ ಅಲ್ಲಿನ ಗಿಡಗಳಿಗೆ ಹಂದಿ, ಜಿಂಕೆಗಳಿಂದ ತಪ್ಪಿಸಿಕೊಳ್ಳುವ ಉಪಾಯ ಗೊತ್ತಿರಲಿಲ್ಲ. ನಿಧಾನವಾಗಿ ಬೆಳೆಯುವ, ಕಡಿಮೆ ಬೀಜ ಬಿಡುವ, ಪೈಪೋಟಿಗೆ ಪಳಗದ ಕಾಡು ಅದು. ನಮ್ಮ ಕಡೆಯ ಕಾಡಿನಲ್ಲಿ ಒಂದು ಜಾತಿ ಒಂದು ಬೆಟ್ಟದಲ್ಲಿ ಸೋತರೆ ಇನ್ನೊಂದು ಬೆಟ್ಟದಲ್ಲಿ ಉಳಿದೀತು. ದ್ವೀಪದಲ್ಲಿ ಓಡಲು ಇನ್ನೊಂದು ಬೆಟ್ಟವಿಲ್ಲ, ಸುತ್ತ ನೀರು.

1638ರಲ್ಲಿ ಡಚ್ಚರು ಅಲ್ಲಿ ನೆಲೆಸಿ ಕರಿಮರವನ್ನು ಕಡಿಯತೊಡಗಿದರು. ಜಾವಾದಿಂದ 1639ರಲ್ಲಿ ಜಿಂಕೆಗಳನ್ನು ತಂದು ಬಿಟ್ಟರು. ಹಂದಿ, ಮೇಕೆ, ಕೋತಿ, ಇಲಿಗಳು ಹಡಗಿನಲ್ಲೇ ಬಂದವು. ಆಮೇಲೆ ಫ್ರೆಂಚರು, 1810ರಿಂದ ಬ್ರಿಟಿಷರು, ಅವರ ಹಿಂದೆ ಎಲ್ಲೆಲ್ಲೂ ಕಬ್ಬಿನ ಗದ್ದೆ. ಇಂದು ಒಳ್ಳೆಯ ಸ್ಥಿತಿಯಲ್ಲಿ ಉಳಿದಿರುವ ಮೂಲ ಕಾಡು ದ್ವೀಪದ ಶೇಕಡಾ 2ಕ್ಕಿಂತ ಕಡಿಮೆ. ಕೊಡಲಿ ನಿಂತು ಬಹಳ ಕಾಲವಾಯಿತು. ಆದರೂ ಆ ಉಳಿದ ಕಾಡು ಒಳಗಿನಿಂದಲೇ ಸವೆಯುತ್ತಿತ್ತು. ಅದಕ್ಕೆ ಕಾರಣ ಸಿಹಿ ಹಣ್ಣಿನ ಒಂದು ಗಿಡ.

ಎಲ್ಲರೂ ಮೆಚ್ಚುವ ಶತ್ರು

ಅದರ ಹೆಸರು ಚೀನೀ ಪೇರಳೆ. ಹೆಸರಿನಲ್ಲಿ ಚೀನಾ ಇದ್ದರೂ ಅದರ ತವರು ಬ್ರೆಜಿಲ್. ನಮ್ಮ ಪೇರಳೆಯ ಹತ್ತಿರದ ಬಂಧು. ನೆಲ್ಲಿಕಾಯಿಗಿಂತ ತುಸು ದೊಡ್ಡ, ಹುಳಿಸಿಹಿ ಮಿಶ್ರಿತ ಕೆಂಪು ಹಣ್ಣು. ಹಣ್ಣಿನ ಕಾಲದಲ್ಲಿ ಮಾರಿಷಸ್‌ನ ಕುಟುಂಬಗಳು ಬುಟ್ಟಿ ಹಿಡಿದು ಗುಡ್ಡಕ್ಕೆ ಹೋಗುತ್ತವೆ. ಉಪ್ಪು ಖಾರ ಹಚ್ಚಿ ತಿನ್ನುವುದು, ಜಾಮ್ ಮಾಡುವುದು ಅಲ್ಲಿ ಎಲ್ಲ ಮತದವರಿಗೂ ಒಂದು ಸಣ್ಣ ಹಬ್ಬ. ಇಂಥ ಗಿಡವನ್ನು ಶತ್ರು ಎಂದರೆ ಯಾರು ತಾನೇ ಒಪ್ಪುತ್ತಾರೆ?

ಆದರೆ ಕಾಡಿನೊಳಗೆ ಅದು ಮಾಡುವುದೇ ಬೇರೆ. ಹಂದಿ, ಕೋತಿ, ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಎಲ್ಲೆಡೆ ಬಿತ್ತುತ್ತವೆ. ಬೀಜವಲ್ಲದೆ ಬೇರಿನಿಂದಲೂ ಹೊಸ ಕಾಂಡಗಳು ಏಳುತ್ತವೆ. ನೆರಳಲ್ಲೂ ಸಾಯುವುದಿಲ್ಲ. ಕೆಲವೇ ವರ್ಷಗಳಲ್ಲಿ ಮನುಷ್ಯ ನುಸುಳಲಾಗದಷ್ಟು ಒತ್ತಾದ ಕೋಲುಗಳ ಗೋಡೆ ನಿಲ್ಲುತ್ತದೆ. ಮೇಲೆ ನೋಡಿದರೆ ಹಳೆಯ ದೊಡ್ಡ ಮರಗಳು ನಿಂತೇ ಇವೆ. ದಾರಿಹೋಕನಿಗೆ ಕಾಡು ಹಸಿರಾಗಿಯೇ ಕಾಣುತ್ತದೆ. ಕೆಳಗೆ ನೋಡಿದರೆ ಆ ಮರಗಳ ಒಂದು ಸಸಿಯೂ ಇಲ್ಲ. ಮನೆಯಲ್ಲಿ ಅಜ್ಜ ಅಜ್ಜಿಯರು ಮಾತ್ರ ಇದ್ದು ಮಕ್ಕಳೇ ಇಲ್ಲದಂತೆ. ಚಂಡಮಾರುತಕ್ಕೆ ಒಂದು ಮುದಿಮರ ಬಿದ್ದರೆ ಅದರ ಜಾಗವನ್ನು ಪೇರಳೆಯೇ ತುಂಬುತ್ತದೆ. ಮಕಾಬೆ ಎಂಬಲ್ಲಿನ ಕಾಡನ್ನು 1930ರ ದಶಕದಲ್ಲೇ ಸಸ್ಯಶಾಸ್ತ್ರಜ್ಞರಾದ ವಾನ್ ಮತ್ತು ವಿಯೇ ಮರ ಮರ ಎಣಿಸಿ ದಾಖಲಿಸಿದ್ದರು. ಮುಂದಿನ ಪೀಳಿಗೆಯವರು ಅದೇ ಕಾಡಿಗೆ ಹೋಗಿ ಎಣಿಸಿದಾಗಲೇ ಎಷ್ಟು ಕಳೆದುಹೋಗಿದೆ ಎಂದು ತಿಳಿದದ್ದು. ಲೆಕ್ಕ ಬರೆದಿಟ್ಟವರ ಉಪಕಾರವೇ ಇಲ್ಲಿ ದೊಡ್ಡದು. ಇಲ್ಲದಿದ್ದರೆ ಹಸಿರು ಇದೆಯಲ್ಲ ಎಂದು ಎಲ್ಲರೂ ಸುಮ್ಮನಿರುತ್ತಿದ್ದರು.

ನಮ್ಮ ನಾಡಿನಿಂದ ಹೋದವರು

ಮಾಧವಿಲತೆಯ ಹೆಸರು ನೀವು ಕೇಳಿರಬಹುದು. ಭಾರತೀಯ ಕಾವ್ಯಗಳಲ್ಲಿ ಮಾವಿನ ಮರವನ್ನು ತಬ್ಬಿದ ಪರಿಮಳದ ಬಳ್ಳಿಯಾಗಿ ಅದಕ್ಕೆ ಬಹಳ ಮರ್ಯಾದೆ. ಅದನ್ನು ಅಂದಕ್ಕೆಂದು ಮಾರಿಷಸ್ ಮತ್ತು ನೆರೆಯ ರಿಯೂನಿಯನ್ ದ್ವೀಪಗಳಿಗೆ ಒಯ್ದರು. ಅಲ್ಲಿ ಅದು ಮರಗಳನ್ನು ತಬ್ಬಿ ಬಿಡಲೇ ಇಲ್ಲ. ತುದಿಯವರೆಗೆ ಹತ್ತಿ, ಭಾರಕ್ಕೆ ಮುರಿಯುವಂತೆ, ಬೆಳಕು ಸಿಗದಂತೆ ಮುಚ್ಚಿಹಾಕಿತು. ಜಗತ್ತಿನ ಅತಿ ಕೆಟ್ಟ 100 ಆಕ್ರಮಣಕಾರಿ ಜೀವಿಗಳೆಂದು ಅಂತರರಾಷ್ಟ್ರೀಯ ತಜ್ಞರು ಮಾಡಿದ ಪಟ್ಟಿಯಲ್ಲಿ ನಮ್ಮ ಮಾಧವಿಯೂ ಸೇರಿದೆ. ಅದೇ ಪಟ್ಟಿಯಲ್ಲಿ ಶ್ರೀಲಂಕೆಯಿಂದ ಹೋದ ಪ್ರಿವೆಟ್ ಎಂಬ ಬೇಲಿಗಿಡವೂ ಇದೆ. ಅದರ ಸಣ್ಣ ಕಪ್ಪು ಹಣ್ಣುಗಳನ್ನು ಕಾಡಿನಲ್ಲಿ ಹರಡುವುದರಲ್ಲಿ ಮುಂದಿರುವ ಹಕ್ಕಿ ಯಾವುದು ಗೊತ್ತೇ? ನಮ್ಮ ಹಿತ್ತಿಲಿನಲ್ಲಿ ಜುಟ್ಟು ಕುಣಿಸುವ, ಕೆನ್ನೆಯಲ್ಲಿ ಕೆಂಪು ಬೊಟ್ಟಿರುವ ಪಿಕಳಾರ. ಅದನ್ನೂ 19ನೇ ಶತಮಾನದ ಕೊನೆಯಲ್ಲಿ ಮನುಷ್ಯನೇ ಅಲ್ಲಿಗೆ ಮುಟ್ಟಿಸಿದ. ಮಿಡತೆ ತಿನ್ನಲೆಂದು 18ನೇ ಶತಮಾನದಲ್ಲಿ ಹೋದ ಮೈನಾ ಹಕ್ಕಿ, ಇಲಿ ಹಿಡಿಯಲೆಂದು 1900ರಲ್ಲಿ ಬಿಟ್ಟ ಭಾರತದ ಮುಂಗುಸಿ ಇವೆಲ್ಲ ಬೇರೆ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದು ಎಂದು ಯಾರೂ ಅರ್ಥ ಮಾಡಿಕೊಳ್ಳಬಾರದು. ಕಬ್ಬು, ಭತ್ತ, ಆಲೂಗಡ್ಡೆ, ಮಾವು ಎಲ್ಲವೂ ಮಾರಿಷಸ್‌ಗೆ ಹೊರಗಿನವೇ. ಅವು ಗದ್ದೆಯಲ್ಲಿ ಸುಮ್ಮನಿವೆ. ಹೊರಗಿನಿಂದ ಬಂದ ಗಿಡಗಳಲ್ಲಿ ಬಹುಪಾಲು ಯಾರಿಗೂ ತೊಂದರೆ ಕೊಡುವುದಿಲ್ಲ. ತನ್ನನ್ನು ನಿಯಂತ್ರಿಸುವ ಕೀಟ, ರೋಗಗಳನ್ನು ತವರಿನಲ್ಲೇ ಬಿಟ್ಟು ಬಂದು, ಕಾಡಿಗೆ ನುಗ್ಗಿ ಇತರರ ಉಸಿರು ಕಟ್ಟಿಸುವ ಕೆಲವೇ ಸಸ್ಯಗಳನ್ನು ಮಾತ್ರ ಆಕ್ರಮಣಕಾರಿ ಎನ್ನುತ್ತಾರೆ. ಇನ್ನು ಈ ಮಾತನ್ನು ಗಿಡಗಳಿಂದ ಎತ್ತಿ ಮನುಷ್ಯರ ಮೇಲೆ ಅಂಟಿಸುವ ಜನ ಇದ್ದಾರೆ. ಅದು ಶುದ್ಧ ಅವಿವೇಕ. ಮಾರಿಷಸ್‌ನಲ್ಲಿ ಮೂಲನಿವಾಸಿ ಎಂಬವರೇ ಇಲ್ಲ. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರು, 1834ರಿಂದ ಭಾರತದಿಂದ ಕರಾರು ಕೂಲಿಗಳಾಗಿ ಹೋದವರು, ಗುಜರಾತಿನ ಮುಸ್ಲಿಮ್ ವ್ಯಾಪಾರಿಗಳು, ಚೀನೀಯರು, ಫ್ರೆಂಚರು ಎಲ್ಲರ ಮಕ್ಕಳೂ ಇಂದು ಆ ನೆಲದವರೇ. ಕಾಡನ್ನು ಉಳಿಸುತ್ತಿರುವವರೂ ಅವರೇ.

ಡೋಡೋ ಮತ್ತು ಒಂದು ಕಥೆ

ಹಾರಲಾರದ ಡೋಡೋ ಹಕ್ಕಿ 17ನೇ ಶತಮಾನದಲ್ಲೇ ಅಳಿಯಿತು. 1662ರ ಅನಂತರ ಅದನ್ನು ಕಂಡ ನಂಬಲರ್ಹ ವರದಿಯಿಲ್ಲ. ಆ ಹಕ್ಕಿಯ ಬಗ್ಗೆ ಒಂದು ಪ್ರಸಿದ್ಧ ಕಥೆಯಿದೆ. ತಂಬಲಕೋಕ್ ಎಂಬ ಮರದ ಗಟ್ಟಿ ಬೀಜ ಡೋಡೋದ ಹೊಟ್ಟೆಯಲ್ಲಿ ಸವೆದರೆ ಮಾತ್ರ ಮೊಳೆಯುತ್ತಿತ್ತು, ಡೋಡೋ ಹೋದ ಮೇಲೆ 300 ವರ್ಷಗಳಿಂದ ಒಂದೂ ಮೊಳೆತಿಲ್ಲ, 13 ಮುದಿಮರಗಳು ಮಾತ್ರ ಉಳಿದಿವೆ ಎಂದು 1977ರಲ್ಲಿ ಒಬ್ಬ ಅಮೆರಿಕನ್ ವಿಜ್ಞಾನಿ ಬರೆದರು. ಕೇಳಲು ಎಷ್ಟು ಚೆಂದ! ಜಗತ್ತಿನಾದ್ಯಂತ ಪುಸ್ತಕಗಳು ಅದನ್ನು ಮುದ್ರಿಸಿದವು. ಆದರೆ ಕಾಡನ್ನು ಬಲ್ಲವರು ಹೋಗಿ ನೋಡಿದಾಗ ಮರಗಳು ನೂರಾರು ಇದ್ದವು. ಅವುಗಳಲ್ಲಿ 300 ವರ್ಷಕ್ಕಿಂತ ಎಷ್ಟೋ ಚಿಕ್ಕವೂ ಇದ್ದವು. ಬೀಜಗಳು ಹಕ್ಕಿಯ ಸಹಾಯವಿಲ್ಲದೆಯೂ ಮೊಳೆಯುತ್ತವೆ. ಸಸಿಗಳು ಕಡಿಮೆಯಾಗಲು ಕಾಯಿಯನ್ನು ಎಳೆಯದಾಗಿಯೇ ಹರಿದೆಸೆಯುವ ಕೋತಿಗಳು, ನೆಲ ಅಗೆಯುವ ಹಂದಿಗಳು ಮತ್ತು ಈ ಕಳೆಗಿಡಗಳೇ ಹೆಚ್ಚಿನ ಕಾರಣ. ಸುದ್ದಿ ಬಂದಾಗ ಪರೀಕ್ಷಿಸದೆ ದಾಟಿಸಬಾರದೆಂಬುದು ನಮಗೆ ಹೊಸ ಪಾಠವೇನಲ್ಲ. ಡೋಡೋ ಮರಳಿ ಬರುವುದಿಲ್ಲವೆಂದು ಕೈಕಟ್ಟಿ ಕುಳಿತಿದ್ದರೆ ಆ ಮರಕ್ಕೆ ಏನೂ ಮಾಡುವಂತಿರಲಿಲ್ಲ. ಕಳೆ ಕೀಳುವುದಾದರೋ ನಮ್ಮ ಕೈಯಲ್ಲಿರುವ ಕೆಲಸ.

ಕೀಳುವ ಕೆಲಸ

ಆ ಕೆಲಸ ಹೇಗೆ ನಡೆಯುತ್ತದೆ? ಮೊದಲು ಒಂದು ತುಂಡು ಕಾಡನ್ನು ಆರಿಸಿ ಹಂದಿ, ಜಿಂಕೆ ಬರದಂತೆ ಬೇಲಿ ಹಾಕುತ್ತಾರೆ. ಬೇಲಿಯಿಲ್ಲದೆ ಕಳೆ ಕಿತ್ತರೆ ಹೊಸ ಸಸಿಗಳು ಜಿಂಕೆಯ ಬಾಯಿಗೆ ಹೋಗುತ್ತವೆ. ಆಮೇಲೆ ಕೆಲಸಗಾರರು ಸಾಲಾಗಿ ನಿಂತು ಒಂದೊಂದೇ ಗಿಡವನ್ನು ನೋಡಿ ಕೀಳುತ್ತಾರೆ. ಇಲ್ಲಿ ಬೇಕಾದದ್ದು ಬಲಕ್ಕಿಂತ ಹೆಚ್ಚಾಗಿ ಕಣ್ಣು. ಬೆರಳುದ್ದದ ಪೇರಳೆ ಸಸಿಯ ಪಕ್ಕದಲ್ಲೇ ಅದೇ ಬಗೆಯ ಎಲೆಯ, ಜಗತ್ತಿನಲ್ಲೇ ಅಪರೂಪವಾದ ಸಸಿಯೊಂದು ಇರಬಹುದು. ಸಣ್ಣದನ್ನು ಬೇರುಸಹಿತ ಎಳೆಯುತ್ತಾರೆ. ಮತ್ತೆ ಬೇರು ಬಿಡದಂತೆ ಮಣ್ಣು ಉದುರಿಸಿ ಒಣಗಲು ಬಿಡುತ್ತಾರೆ. ದೊಡ್ಡದನ್ನು ಕತ್ತರಿಸಿ, ಮತ್ತೆ ಚಿಗುರುವ ಜಾತಿಯಾದರೆ ಬುಡಕ್ಕೆ ಮಾತ್ರ ಕಳೆನಾಶಕ ಹಚ್ಚುತ್ತಾರೆ. ಅಲ್ಲಿಗೆ ಮುಗಿಯಲಿಲ್ಲ. ಬೆಳಕು ಬಿದ್ದೊಡನೆ ಮಣ್ಣಿನಲ್ಲಿ ಮಲಗಿದ್ದ ಕಳೆಬೀಜಗಳೆಲ್ಲ ಏಳುತ್ತವೆ. ಆದ್ದರಿಂದ ಮತ್ತೆ ಮತ್ತೆ ಅದೇ ಜಾಗಕ್ಕೆ ಬರಬೇಕು. ಒಮ್ಮೆ ಕಿತ್ತು ಫೋಟೋ ತೆಗೆಸಿಕೊಂಡು ಹೋದರೆ ಮೊದಲಿಗಿಂತ ಹದಗೆಡುತ್ತದೆ.

1994ರಲ್ಲಿ ಬ್ಲ್ಯಾಕ್ ರಿವರ್ ಗಾರ್ಜಸ್ ಎಂಬ ಕಣಿವೆಯ ಸುತ್ತ 6,500 ಹೆಕ್ಟೇರಿಗೂ ಹೆಚ್ಚು ನೆಲವನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಅದರೊಳಗೆ ಬೇಲಿ ಹಾಕಿ ಕಳೆ ತೆಗೆದ ತುಂಡುಗಳು ಬಹಳ ಸಣ್ಣವು. ಆದರೂ ಫಲಿತಾಂಶ ನೋಡಿ: ಕಳೆ ತೆಗೆದ ಕಡೆ ಮೂಲ ಮರಗಳು ಹೆಚ್ಚು ಹೂ ಹಣ್ಣು ಬಿಟ್ಟವು. ಅಳಿದೇ ಹೋದವೆಂದೋ ಅಳಿವಿನ ಅಂಚಿನಲ್ಲಿವೆಯೆಂದೋ ತಿಳಿದಿದ್ದ ಗಿಡಗಳು ತಾವಾಗಿಯೇ ತಲೆಯೆತ್ತಿದವು. ಚಿಟ್ಟೆಗಳು ಕಳೆ ತುಂಬಿದ ಕಾಡಿಗಿಂತ ಅಲ್ಲಿ ಹೆಚ್ಚು. ಯಾರೂ ನೆಡಲಿಲ್ಲ, ಉಸಿರಾಡಲು ಜಾಗ ಕೊಟ್ಟರು, ಅಷ್ಟೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಮನಸ್ಸಿಗೆ ನಾಟಿದ್ದು ಇದೇ.

ಕೀಟವನ್ನು ತಂದು ಕಳೆಯನ್ನು ಕೊಲ್ಲಬಹುದಲ್ಲವೇ ಎಂದು ನೀವು ಕೇಳಬಹುದು. ಕೆಲವೊಮ್ಮೆ ಸಾಧ್ಯ. ಮಾರಿಷಸ್‌ನ ಹುಲ್ಲುಗಾವಲುಗಳನ್ನು ನುಂಗಿದ್ದ ಕಾರ್ಡಿಯಾ ಎಂಬ ಪೊದೆಯನ್ನು 1940ರ ದಶಕದ ಕೊನೆಯಲ್ಲಿ ಟ್ರಿನಿಡಾಡ್‌ನಿಂದ ತಂದ ಒಂದು ಎಲೆ ತಿನ್ನುವ ದುಂಬಿ ಬಗ್ಗುಬಡಿಯಿತು. ದಕ್ಷಿಣ ಭಾರತದಲ್ಲೂ 1920ರ ದಶಕದಲ್ಲಿ ಪಾಪಾಸುಕಳ್ಳಿಯನ್ನು ಹೀಗೆಯೇ ಒಂದು ಬಿಳಿ ತಿಗಣೆ ಮಣಿಸಿತ್ತು. ಆದರೆ ಇದು ಎರಡಲಗಿನ ಕತ್ತಿ. ದೊಡ್ಡ ಆಫ್ರಿಕನ್ ಬಸವನಹುಳುವನ್ನು ತಿನ್ನಲೆಂದು ಮಾರಿಷಸ್ ಮತ್ತು ಪೆಸಿಫಿಕ್ ದ್ವೀಪಗಳಿಗೆ ತಂದ ಬೇಟೆಗಾರ ಬಸವನಹುಳು ಆ ಶತ್ರುವನ್ನು ಬಿಟ್ಟು ದ್ವೀಪದ ಬಡಪಾಯಿ ಬಸವನಹುಳುಗಳನ್ನೇ ತಿಂದುಹಾಕಿತು. ಕಳೆಯನ್ನೊಂದೇ ತಿನ್ನುತ್ತದೆ, ಬೇರೇನನ್ನೂ ಮುಟ್ಟುವುದಿಲ್ಲ ಎಂದು ವರ್ಷಗಟ್ಟಲೆ ಪರೀಕ್ಷಿಸಿದ ಮೇಲೆ ಮಾತ್ರ ಇಂದು ಅನುಮತಿ ಸಿಗುತ್ತದೆ.

ಆಮೆಗಳು ಮರಳಿದವು

ಆಗ್ನೇಯ ತೀರದ ಮಾಹೆಬೂರ್ ಊರಿನ ಎದುರು, ದಡದಿಂದ ಒಂದು ಕಿಲೋಮೀಟರ್ ಕೂಡ ಇಲ್ಲದಷ್ಟು ಹತ್ತಿರ, ಈಲ್ ಒ ಎಗ್ರೆತ್ ಎಂಬ 26 ಹೆಕ್ಟೇರಿನ ಪುಟ್ಟ ದ್ವೀಪವಿದೆ. ಕಡಲತೀರದ ಕರಿಮರದ ಕಾಡು ಉಳಿದಿದ್ದದ್ದು ಅಲ್ಲಿ. ಅದನ್ನೂ ಕಡಿದು, ಮೇಯಿಸಿ ಹಾಳುಮಾಡಿದ್ದರು. ಜೊತೆಗೆ ನಮ್ಮಲ್ಲಿ ಮೇವಿಗೆಂದು ಊರೂರಿಗೆ ಹಂಚಿದ ಸುಬಾಬುಲ್ ಅಲ್ಲಿ ದಟ್ಟವಾಗಿ ಹಬ್ಬಿತ್ತು. 1980ರ ದಶಕದ ಮಧ್ಯಭಾಗದಿಂದ ಮಾರಿಷಿಯನ್ ವೈಲ್ಡ್‌ಲೈಫ್ ಫೌಂಡೇಶನ್ ಸಂಸ್ಥೆ ಅದನ್ನು ವಹಿಸಿಕೊಂಡು ಇಂಚಿಂಚಾಗಿ ಕಳೆ ಕಿತ್ತು, ಇಲಿಗಳನ್ನು ನಿರ್ಮೂಲಗೊಳಿಸಿ, ಮೂಲ ಸಸಿಗಳನ್ನು ನೆಟ್ಟಿತು. ಆದರೂ ಒಂದು ಕೊರತೆ ಇತ್ತು. ಕರಿಮರದ ದೊಡ್ಡ ಹಣ್ಣುಗಳು ತಾಯಿಮರದ ಬುಡದಲ್ಲೇ ಬಿದ್ದು ಕೊಳೆಯುತ್ತಿದ್ದವು. ಅವನ್ನು ನುಂಗಿ ದೂರ ಒಯ್ಯುತ್ತಿದ್ದ ಮಾರಿಷಸ್‌ನ ಆಮೆಗಳು ಎಂದೋ ಅಳಿದಿದ್ದವು. 2000ದಲ್ಲಿ ಆಲ್ಡಾಬ್ರಾ ದ್ವೀಪ ಮೂಲದ ದೈತ್ಯ ಆಮೆಗಳನ್ನು ಅಲ್ಲಿ ಬಿಡಲಾಯಿತು. ಅವು ಹಣ್ಣು ತಿಂದವು, ನಡೆದವು, ಬೀಜ ಹಾಕಿದವು. ಅವುಗಳ ಹೊಟ್ಟೆ ದಾಟಿ ಬಂದ ಬೀಜ ಹೆಚ್ಚು ಚೆನ್ನಾಗಿ ಮೊಳೆತದ್ದೂ ಕಂಡುಬಂತು. ಡೋಡೋದ ಕಥೆ ಹುಸಿಯಾದರೂ ಆಮೆಯ ಕಥೆ ಪರೀಕ್ಷೆಯಲ್ಲಿ ಗೆದ್ದಿತು.

ಮುಖ್ಯ ದ್ವೀಪದಿಂದ ಉತ್ತರಕ್ಕೆ 20 ಕಿಲೋಮೀಟರಿಗೂ ದೂರದಲ್ಲಿ ರೌಂಡ್ ದ್ವೀಪವಿದೆ. ಹೆಸರಿಗೆ ದುಂಡು, ನೋಡಿದರೆ ದುಂಡಗಿಲ್ಲ. ಪಕ್ಕದ ಸರ್ಪದ್ವೀಪ ದುಂಡಗಿದೆ, ಆದರೆ ಹಾವಿರುವುದು ರೌಂಡ್ ದ್ವೀಪದಲ್ಲಿ! ಯಾರೋ ನಕ್ಷೆ ಬರೆಯುವಾಗ ಹೆಸರು ಅದಲುಬದಲು ಮಾಡಿದರೆಂದು ತಮಾಷೆ ಮಾಡುತ್ತಾರೆ. ಅಲ್ಲಿಗೆ ಇಲಿ ಎಂದೂ ತಲುಪಲಿಲ್ಲ. ಅದೇ ಅದರ ಭಾಗ್ಯ. ಆದರೆ ಯಾರೋ ಬಿಟ್ಟ ಮೇಕೆ ಮತ್ತು ಮೊಲಗಳು ಹಸಿರನ್ನೆಲ್ಲ ಮೇಯ್ದು ಮಣ್ಣು ಸಮುದ್ರಕ್ಕೆ ಹರಿದುಹೋಗುವಂತೆ ಮಾಡಿದ್ದವು. 1979ರ ಹೊತ್ತಿಗೆ ಮೇಕೆಗಳನ್ನೂ 1986ರಲ್ಲಿ ಮೊಲಗಳನ್ನೂ ತೆಗೆದುಹಾಕಲಾಯಿತು. ಬಾಟಲಿಯಂತೆ ಉಬ್ಬಿದ ಕಾಂಡದ ತಾಳೆಗಳು ಮತ್ತೆ ಸಸಿಯಿಟ್ಟವು. ಆದರೆ ಮೇಯುವವರಿಲ್ಲದೆ ಹೊರಗಿನ ಕಳೆಗಳೂ ಚಿಗುರಿದವು. ಒಂದು ಗಂಟು ಬಿಚ್ಚಿದಾಗ ಇನ್ನೊಂದು ಬಿಗಿಯುವುದು ಈ ಕೆಲಸದಲ್ಲಿ ಮಾಮೂಲು. 2007ರಿಂದ ಅಲ್ಲಿಗೂ ಆಮೆಗಳನ್ನು ಒಯ್ದರು. ದ್ವೀಪದ ಮೂಲ ಗಿಡಗಳಿಗೆ ಆಮೆಯಿಂದ ಪಾರಾಗುವ ಉಪಾಯ ಹಳೆಯ ಕಾಲದಿಂದ ಗೊತ್ತು. ಹೊರಗಿನ ಕಳೆಗಳಿಗೆ ಗೊತ್ತಿಲ್ಲ. ಆದ್ದರಿಂದ ಆಮೆಗಳು ಕಳೆಯನ್ನೇ ಹೆಚ್ಚು ಮೇಯುತ್ತವೆ. ಇಂದು ಆ ದ್ವೀಪಕ್ಕೆ ಹೋಗುವವರ ಚೀಲ, ಬೂಟು, ಬಟ್ಟೆಯ ಮಡಿಕೆಗಳನ್ನೆಲ್ಲ ಬೀಜ, ಇರುವೆ, ಹಲ್ಲಿಗಳಿಗಾಗಿ ಜಾಲಾಡಿ ನೋಡಿಯೇ ಬಿಡುತ್ತಾರೆ.

ಒಂದೇ ಒಂದು ಗಿಡ

ಮಾರಿಷಸ್ ದೇಶಕ್ಕೆ ಸೇರಿದ ರೊಡ್ರಿಗ್ಸ್ ಎಂಬ ಇನ್ನೊಂದು ದ್ವೀಪವಿದೆ. 1980ರ ಸುಮಾರಿಗೆ ಅಲ್ಲಿನ ಒಬ್ಬ ಶಿಕ್ಷಕರು ತಮ್ಮ ವಿದ್ಯಾರ್ಥಿಗಳಿಗೆ ಊರಿನ ಸುತ್ತಲಿನ ಗಿಡಗಳನ್ನು ಹುಡುಕಲು ಹಚ್ಚಿದರು. ಒಬ್ಬ ಹುಡುಗ ತಂದ ರೆಂಬೆ ಯಾರಿಗೂ ಗುರುತಾಗಲಿಲ್ಲ. ಕೊನೆಗೆ ಅದು ಕಾಫಿ ಜಾತಿಯ ಬಂಧು, ‘ಕಾಫೆ ಮರೋನ್’ ಎಂಬ, ಅಳಿದುಹೋಯಿತೆಂದೇ ನಂಬಿದ್ದ ಗಿಡವೆಂದು ತಿಳಿಯಿತು. ಜಗತ್ತಿನಲ್ಲಿ ಉಳಿದಿದ್ದದ್ದು ಅದೊಂದೇ. ಸುದ್ದಿ ಹರಡಿದೊಡನೆ ನಾಟಿ ಔಷಧಕ್ಕೆಂದು ಜನ ಅದರ ರೆಂಬೆ ಮುರಿಯತೊಡಗಿದರು. ಬೇಲಿಯ ಮೇಲೆ ಬೇಲಿ ಹಾಕಬೇಕಾಯಿತು. 1986ರಲ್ಲಿ ಕೆಲವು ತುಂಡುಗಳನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಕಳಿಸಿದರು. ತುಂಡು ಬೇರು ಬಿಟ್ಟಿತು, ಹೂ ಬಿಟ್ಟಿತು. ಬೀಜ ಮಾತ್ರ ಕಟ್ಟಲಿಲ್ಲ. 2003ರಲ್ಲಿ ಕೊನೆಗೂ ಒಬ್ಬ ತೋಟಗಾರರ ಹಠದಿಂದ ಬೀಜ ಕಟ್ಟಿತು. ಅದರ ಸಸಿಗಳು ತಮ್ಮ ದ್ವೀಪಕ್ಕೆ ಮರಳಿವೆ. ನಿಮ್ಮ ಮಕ್ಕಳನ್ನು ಹಿತ್ತಿಲಿನ ಗಿಡಗಳ ಹೆಸರು ಬರೆಯಲು ಹಚ್ಚಿರಿ ಎಂದರೆ ಯಾರಾದರೂ ನಗಬಹುದು. ರೊಡ್ರಿಗ್ಸ್‌ನ ಆ ಶಿಕ್ಷಕರು ಮಾಡಿದ್ದು ಅಷ್ಟನ್ನೇ.

ನಾವು ಏನನ್ನು ಹೊತ್ತು ಸಾಗುತ್ತೇವೆ?

ಕನ್ನಡನಾಡು ದ್ವೀಪವಲ್ಲ, ನಮಗೇನು ಎನ್ನಬೇಡಿ. ಅಲಂಕಾರಕ್ಕೆಂದು ಭಾರತಕ್ಕೆ ಬಂದ ಲಂಟಾನ ಇಂದು ಬಂಡೀಪುರದಿಂದ ಬಿಳಿಗಿರಿರಂಗನ ಬೆಟ್ಟದವರೆಗೆ ಕಾಡಿನ ನೆಲವನ್ನು ಹೊದೆದಿದೆ. ನಮ್ಮ ಮನೆಗಳಲ್ಲಿ ಗಲ್ಫ್ ದೇಶಗಳಿಂದ, ಉಮ್ರಾದಿಂದ, ಇನ್ನೆಲ್ಲಿಂದಲೋ ಬರುವವರಿದ್ದಾರೆ. ಕರವಸ್ತ್ರದಲ್ಲಿ ಸುತ್ತಿದ ಒಂದು ಬೀಜ, ಒದ್ದೆ ಪತ್ರಿಕೆಯಲ್ಲಿಟ್ಟ ಒಂದು ರೆಂಬೆ ಪ್ರೀತಿಯ ಕಾಣಿಕೆಯೆಂದೇ ತೋರುತ್ತದೆ. ಆದರೆ 2003ರ ಸಸ್ಯ ಸಂಗರೋಧ ಆದೇಶದ ಪ್ರಕಾರ ಪರವಾನಗಿ ಮತ್ತು ತಪಾಸಣೆಯಿಲ್ಲದೆ ಬಿತ್ತುವ ಬೀಜ, ಸಸಿಗಳನ್ನು ದೇಶದೊಳಗೆ ತರುವುದು ಕಾನೂನುಬಾಹಿರ. ವಿಮಾನ ನಿಲ್ದಾಣದಲ್ಲಿ ಕೇಳಿದರೆ ಮುಚ್ಚಿಡದೆ ಹೇಳಿಬಿಡಿ. ಕುಂಡದ ಗಿಡ ಬೇಡವಾದಾಗ ಹಳ್ಳದ ಬದಿಗೆ ಎಸೆಯುವುದು, ಅಕ್ವೇರಿಯಮ್‌ನ ನೀರುಗಿಡವನ್ನು ಕೆರೆಗೆ ಸುರಿಯುವುದು ಕೂಡ ಇದೇ ಸಾಲಿಗೆ ಸೇರಿದ್ದು. ಒಣಗಿಸಿ ಸುಡಿ, ಇಲ್ಲವೇ ಚೀಲ ಕಟ್ಟಿ ಕಸಕ್ಕೆ ಕೊಡಿ.

ಕರಾವಳಿಯ ಓದುಗರಿಗೆ ಇನ್ನೂ ಹತ್ತಿರದ ಮಾತೊಂದಿದೆ. ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ತರಕಾರಿ, ದಿನಸಿ, ಜಲ್ಲಿ, ಮರಳು ಹೊತ್ತ ಮಂಜಿಗಳು ಹೋಗುತ್ತವೆ. ಆ 36 ದ್ವೀಪಗಳ ಒಟ್ಟು ನೆಲ ಸುಮಾರು 32 ಚದರ ಕಿಲೋಮೀಟರ್. ಜನವಸತಿ ಇರುವುದು 10ರಲ್ಲಿ. ಅಷ್ಟು ಸಣ್ಣ ನೆಲದಲ್ಲಿ ಒಂದು ಕಳೆ ಬೇರುಬಿಟ್ಟರೆ ಹಿಂದೆ ಸರಿಯುವ ಜಾಗವೇ ಇಲ್ಲ. ಮರಳನ್ನು ತುಂಬುವ ಮೊದಲು ಗಿಡಗಂಟಿ ಬೆಳೆದ ರಾಶಿಯಿಂದ ತೆಗೆಯದಿರುವುದು, ತರಕಾರಿ ಚೀಲದ ತಳದ ಮಣ್ಣನ್ನು ದಡದಲ್ಲೇ ಕೊಡವಿಬಿಡುವುದು, ಸಸಿ ಒಯ್ಯುವುದಾದರೆ ಕೃಷಿ ಇಲಾಖೆಯವರನ್ನು ಕೇಳಿ ಒಯ್ಯುವುದು ಇವು ಬಂದರಿನಲ್ಲಿ ದುಡಿಯುವವರಿಗೂ ಅಲ್ಲಿಗೆ ನೆಂಟಸ್ತಿಕೆ ಇರುವವರಿಗೂ ಒಂದು ಪೈಸೆ ಖರ್ಚಿಲ್ಲದ ಕೆಲಸ. ಮಂಜಿ ಬಂದರು ಬಿಡುವ ಮೊದಲು ಐದು ನಿಮಿಷ ಸಾಕು.